ಶೆಟ್ಟಿ ಬಿಟ್ಟಲ್ಲೇ ಪಟ್ಟಣ: ಐತಿಹಾಸಿಕ ವಿಡಿಯೋ ಆಟಗಳಲ್ಲಿ ವರ್ತಕ ಮತ್ತು ಅಂಗಡಿ

1. ಪ್ರಸ್ತಾವನೆ

ಕನ್ನಡ ಜಾನಪದ ಅಧ್ಯಯನದಲ್ಲಿ ಆಟಗಳಿಗೆ ಮೊದಲಿನಿಂದಲೂ ಒಂದು ಸ್ಥಾನವಿದೆ. ಅಳಗುಳಿ ಮಣೆ, ಚೌಕಾಬಾರ, ಪಗಡೆ, ಹುಲಿ-ಕುರಿ ಮೊದಲಾದ ಆಟಗಳನ್ನು ಸಂಗ್ರಹಿಸಿ ವರ್ಗೀಕರಿಸಿದ ವಿದ್ವಾಂಸರು ಅವುಗಳನ್ನು ಕೇವಲ ಕಾಲಹರಣದ ಸಾಧನಗಳೆಂದು ಬಗೆಯಲಿಲ್ಲ. ಒಂದು ಸಮುದಾಯವು ಲಾಭ-ನಷ್ಟ, ಬೇಟೆ-ರಕ್ಷಣೆ, ದೈವ-ಪುರುಷಕಾರಗಳನ್ನು ಹೇಗೆ ಗ್ರಹಿಸುತ್ತದೆ ಎಂಬುದಕ್ಕೆ ಅದರ ಆಟದ ನಿಯಮಗಳು ಒಂದು ಆಕರ. ಕತೆ ಹೇಳುವವನು ತನ್ನ ಲೋಕದೃಷ್ಟಿಯನ್ನು ಮಾತಿನಲ್ಲಿ ಇಡುತ್ತಾನೆ. ಆಟ ಕಟ್ಟಿದವನು ಅದನ್ನು ನಿಯಮದಲ್ಲಿ ಇಡುತ್ತಾನೆ. ಆಡುವವನು ನಿಯಮವನ್ನು ಪ್ರಶ್ನಿಸದೆ ಒಪ್ಪಿಕೊಂಡೇ ಆಟಕ್ಕೆ ಇಳಿಯಬೇಕಾದುದರಿಂದ ಆಟದ ಲೋಕದೃಷ್ಟಿ ಕತೆಯದಕ್ಕಿಂತ ಹೆಚ್ಚು ಮೌನವಾಗಿಯೂ ಹೆಚ್ಚು ಗಾಢವಾಗಿಯೂ ಮನಸ್ಸಿಗೆ ಇಳಿಯುತ್ತದೆ.

ಈ ಮಾತು ಗಣಕಯಂತ್ರದ ಪರದೆಯ ಮೇಲೆ ಆಡುವ ಐತಿಹಾಸಿಕ ವಿಡಿಯೋ ಆಟಗಳಿಗೂ ಅನ್ವಯಿಸುತ್ತದೆ. ಗತಕಾಲದ ಒಂದು ನಿರ್ದಿಷ್ಟ ಘಟ್ಟವನ್ನು ಆರಿಸಿಕೊಂಡು, ಅಲ್ಲಿನ ರಾಜ್ಯ, ಸೈನ್ಯ, ಊರು, ಉಡುಗೆಗಳನ್ನು ಪುನರ್ನಿರ್ಮಿಸಿ, ಆಟಗಾರನಿಗೆ ಆ ಕಾಲದೊಳಗೆ ಒಂದು ಪಾತ್ರವನ್ನು ಕೊಡುವ ಆಟಗಳಿವು. ಇವುಗಳಲ್ಲಿ ಅರಸ ಮತ್ತು ಯೋಧರ ಚಿತ್ರಣದ ಬಗ್ಗೆ ಸಾಕಷ್ಟು ಚರ್ಚೆ ನಡೆದಿದೆ. ವರ್ತಕನ ಬಗ್ಗೆ ನಡೆದ ಚರ್ಚೆ ಕಡಿಮೆ. ಆದರೆ ಬಹುತೇಕ ಎಲ್ಲ ಐತಿಹಾಸಿಕ ಆಟಗಳಲ್ಲಿಯೂ ಮಾರುಕಟ್ಟೆಯಿದೆ, ಕೊಡುಕೊಳ್ಳುವಿಕೆಯಿದೆ, ಹಣವಿದೆ. ಇವುಗಳ ನಡುವೆ ವರ್ತಕನೆಂಬ ಮನುಷ್ಯನಿಗೆ ಯಾವ ಸ್ಥಾನ ದೊರೆತಿದೆ ಎಂಬುದನ್ನು ಮೂರು ಪ್ರಸಿದ್ಧ ಆಟಗಳ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಕರ್ನಾಟಕದ ಶಾಸನಗಳು ಮತ್ತು ಜನಪದ ವ್ಯವಹಾರದ ನಡಾವಳಿಗಳು ಇಲ್ಲಿ ಒರೆಗಲ್ಲಾಗಿವೆ.

2. ಒಂದೇ ಮನೆಯ ಎರಡು ಅಂಗಡಿಗಳು

ಈ ಪರಿಶೀಲನೆಗೆ ದಕ್ಷಿಣ ಬೆಂಗಳೂರು ಸೂಕ್ತವಾದ ಹಿನ್ನೆಲೆಯನ್ನು ಒದಗಿಸುತ್ತದೆ. ಜಯನಗರ, ಜೆ.ಪಿ. ನಗರ, ಬನಶಂಕರಿ ಬಡಾವಣೆಗಳ ಅನೇಕ ಮನೆಗಳಲ್ಲಿ ನವರಾತ್ರಿಯ ಗೊಂಬೆ ಕೂರಿಸುವ ಪದ್ಧತಿ ಉಳಿದುಬಂದಿದೆ. ಮೇಲಿನ ಮೆಟ್ಟಿಲಲ್ಲಿ ಪಟ್ಟದ ಗೊಂಬೆಗಳಾದ ರಾಜ-ರಾಣಿ. ಕೆಳಗಿನ ಮೆಟ್ಟಿಲಲ್ಲಿ ಶೆಟ್ಟಿ-ಶೆಟ್ಟಿತಿ ಮತ್ತು ಅವರ ಅಂಗಡಿ. ಈ ಅಂಗಡಿಗೆ ಒಂದು ವಿಶೇಷವಿದೆ. ಮಿಕ್ಕ ಗೊಂಬೆಗಳೆಲ್ಲ ಮಣ್ಣಿನವೋ ಮರದವೋ ಆಗಿದ್ದರೆ, ಶೆಟ್ಟರ ಅಂಗಡಿಯ ಪುಟ್ಟ ಬಟ್ಟಲುಗಳಲ್ಲಿ ನಿಜವಾದ ಅಕ್ಕಿ, ಬೇಳೆ, ಬೆಲ್ಲ, ಮೆಣಸು ತುಂಬುತ್ತಾರೆ. ಗೊಂಬೆಗಳ ಲೋಕದಲ್ಲಿ ನಿಜದ ಪದಾರ್ಥ ಸಲ್ಲುವ ಸ್ಥಳ ಅದೊಂದೇ. ಅದೇ ಮನೆಗಳಲ್ಲಿ ಆಯುಧಪೂಜೆಯ ದಿನ ಗಣಕಯಂತ್ರಕ್ಕೂ ಅರಿಸಿನ-ಕುಂಕುಮ ಹಚ್ಚುವುದುಂಟು. ಆ ಯಂತ್ರದೊಳಗೆ ಮಕ್ಕಳು ಆಡುವ ಚಾರಿತ್ರಿಕ ಲೋಕದಲ್ಲಿಯೂ ಒಂದು ಅಂಗಡಿಯಿದೆ. ಹೀಗೆ ಒಂದೇ ಸೂರಿನಡಿ ಎರಡು ಆಟದ ಅಂಗಡಿಗಳು ಸೇರಿವೆ.

ಮನೆಯ ಹೊರಗಿನ ವ್ಯಾಪಾರವೂ ಇಲ್ಲಿ ಎರಡು ಬಗೆಯದು. 1948ರಲ್ಲಿ ಅಸ್ತಿತ್ವಕ್ಕೆ ಬಂದ ಜಯನಗರವು ಯೋಜಿತ ಬಡಾವಣೆ. ಇಂಥ ಬಡಾವಣೆಯಲ್ಲಿ ರಸ್ತೆ, ನಿವೇಶನ, ಉದ್ಯಾನಗಳಂತೆ ಅಂಗಡಿಯ ಜಾಗವನ್ನೂ ನಕ್ಷೆಯೇ ಗೊತ್ತುಮಾಡುತ್ತದೆ. ನಾಲ್ಕನೆಯ ಬ್ಲಾಕಿನ ವಾಣಿಜ್ಯ ಸಂಕೀರ್ಣ ಅದಕ್ಕೆ ಉದಾಹರಣೆ. ಇದಕ್ಕೆ ವ್ಯತಿರಿಕ್ತವಾದ ಕ್ರಮವೂ ಪಕ್ಕದಲ್ಲಿಯೇ ಇದೆ. ಕನಕಪುರ ರಸ್ತೆಯ ಬನಶಂಕರಿ ದೇವಾಲಯವನ್ನು 1915ರಲ್ಲಿ ಕಟ್ಟಿಸಿದವರು ಸೋಮಣ್ಣ ಶೆಟ್ಟಿ ಎಂಬ ಭಕ್ತರೆಂದು ಪ್ರತೀತಿ. ಗುಡಿಯ ಮುಂದೆ ನಿಂಬೆಹಣ್ಣು, ಎಣ್ಣೆ, ಬತ್ತಿ, ಹೂವು ಮಾರುವವರು ಕುಳಿತರು. ಬಡಾವಣೆಯ ಹೆಸರು ಗುಡಿಯಿಂದ ಬಂದಿತು. ಬಸವನಗುಡಿಯ ಕಡಲೆಕಾಯಿ ಪರಿಷೆಯೂ ಇಂಥದೇ. ಸುಂಕೇನಹಳ್ಳಿಯ ರೈತರ ಬೆಳೆಯನ್ನು ಬಸವ ಮೇಯುತ್ತಿದ್ದನೆಂದೂ ಮೊದಲ ಬೆಳೆಯನ್ನು ಅವನಿಗೆ ಒಪ್ಪಿಸುವ ಹರಕೆಯಿಂದ ಪರಿಷೆ ಹುಟ್ಟಿತೆಂದೂ ಐತಿಹ್ಯ ಹೇಳುತ್ತದೆ. ಕಾರ್ತಿಕ ಮಾಸದ ಕೊನೆಯ ಸೋಮವಾರ ಅಲ್ಲಿ ನೆರೆಯುವ ಸಂತೆಗೆ ಯಾವ ಅರಸನ ನಿರೂಪವೂ ಮೂಲವಲ್ಲ.

ಈ ಎರಡನೆಯ ಕ್ರಮವನ್ನೇ ಕನ್ನಡದ ಗಾದೆ 'ಶೆಟ್ಟಿ ಬಿಟ್ಟಲ್ಲೇ ಪಟ್ಟಣ' ಎಂದು ಹಿಡಿದಿಟ್ಟಿದೆ. ಸರಕು ಹೇರಿಕೊಂಡು ಹೊರಟ ಶೆಟ್ಟಿ ಎಲ್ಲಿ ಬಿಡಾರ ಬಿಡುತ್ತಾನೋ ಅಲ್ಲಿ ಪಟ್ಟಣ ಹುಟ್ಟುತ್ತದೆ. ಸಿಕ್ಕಿದ ಕಡೆಯೆಲ್ಲ ಠಿಕಾಣಿ ಹೂಡುವವನನ್ನು ಗೇಲಿ ಮಾಡಲೂ ಈ ಗಾದೆಯನ್ನು ಬಳಸುವುದುಂಟು. ಆದರೆ ಗೇಲಿಯ ಹಿಂದೆಯೂ ಒಂದು ಚಾರಿತ್ರಿಕ ಗ್ರಹಿಕೆ ಇದೆ: ಪಟ್ಟಣ ಮೊದಲು, ವರ್ತಕ ಆಮೇಲೆ ಎಂಬ ಕ್ರಮವನ್ನು ಗಾದೆ ತಿರುಗಿಸಿ ನಿಲ್ಲಿಸುತ್ತದೆ. ಮುಂದೆ ನೋಡಲಿರುವ ಆಟಗಳ ನಿಯಮಗಳು ಈ ಗಾದೆಗೆ ಎಷ್ಟು ಹತ್ತಿರ, ಎಷ್ಟು ದೂರ ಎಂಬುದು ಇಲ್ಲಿನ ಮುಖ್ಯ ಪ್ರಶ್ನೆ.

3. ವರ್ತಕನಿಲ್ಲದ ಮಾರುಕಟ್ಟೆ

1999ರಲ್ಲಿ ಬಿಡುಗಡೆಯಾದ 'ಏಜ್ ಆಫ್ ಎಂಪೈರ್ಸ್ 2' ಮಧ್ಯಯುಗವನ್ನು ವಸ್ತುವಾಗಿ ಉಳ್ಳ ಆಟ. ಅಮೆರಿಕದ ಎನ್ಸೆಂಬಲ್ ಸ್ಟುಡಿಯೋಸ್ ಇದನ್ನು ರೂಪಿಸಿತು. ಬೆಂಗಳೂರಿನ ಸೈಬರ್ ಕೇಂದ್ರಗಳ ಕಾಲದಲ್ಲಿ ಬೆಳೆದ ತಲೆಮಾರಿಗೆ ಈ ಹೆಸರು ಅಪರಿಚಿತವಲ್ಲ. 2019ರಲ್ಲಿ ಇದರ ಪರಿಷ್ಕೃತ ಆವೃತ್ತಿ ಬಂದಿತು. 2022ರಲ್ಲಿ ಸೇರಿದ 'ಡೈನಾಸ್ಟೀಸ್ ಆಫ್ ಇಂಡಿಯಾ' ಎಂಬ ವಿಸ್ತರಣೆಯು ಅದುವರೆಗೆ ಒಂದೇ ಆಗಿದ್ದ ಭಾರತೀಯರ ಗುಂಪನ್ನು ಒಡೆದು, ದಕ್ಷಿಣ ಭಾರತದ ಪ್ರತಿನಿಧಿಯಾಗಿ 'ದ್ರವಿಡಿಯನ್ಸ್' ಎಂಬ ಜನಾಂಗವನ್ನೂ ರಾಜೇಂದ್ರ ಚೋಳನ ದಂಡಯಾತ್ರೆಗಳ ಕಥಾನಕವನ್ನೂ ಒದಗಿಸಿತು.

ಈ ಆಟದಲ್ಲಿ ಮಾರುಕಟ್ಟೆ ಹುಟ್ಟುವ ಕ್ರಮವನ್ನು ಗಮನಿಸಬೇಕು. ಮೊದಲು ಪಟ್ಟಣ ಕೇಂದ್ರವಿರಬೇಕು, ಧಾನ್ಯದ ಗಿರಣಿಯಾಗಬೇಕು, ಆಟಗಾರ ಎರಡನೆಯ ಯುಗಕ್ಕೆ ಏರಬೇಕು. ಆಮೇಲೆ ಒಬ್ಬ ಹಳ್ಳಿಗ 175 ಮರದ ವೆಚ್ಚದಲ್ಲಿ ಮಾರುಕಟ್ಟೆಯ ಕಟ್ಟಡವನ್ನು ಎಬ್ಬಿಸುತ್ತಾನೆ. ಇದು ಬಡಾವಣೆಯ ನಕ್ಷೆಯ ಕ್ರಮ. ಗಾದೆಯ ಕ್ರಮಕ್ಕೆ ತದ್ವಿರುದ್ಧ. ಕಟ್ಟಡ ಎದ್ದ ಮೇಲೆ ಅದರೊಳಗೆ ವ್ಯವಹಾರ ಮಾಡುವವರು ಯಾರೂ ಇಲ್ಲ. ಆಹಾರ, ಮರ, ಕಲ್ಲುಗಳನ್ನು ನೂರು ನೂರು ಪ್ರಮಾಣದಲ್ಲಿ ಚಿನ್ನಕ್ಕೆ ಮಾರಬಹುದು, ಚಿನ್ನ ಕೊಟ್ಟು ಕೊಳ್ಳಬಹುದು. ಆಟದ ಆರಂಭದಲ್ಲಿ ನೂರು ಆಹಾರವನ್ನು ಮಾರಿದರೆ 70 ಚಿನ್ನ ಬರುತ್ತದೆ, ಅಷ್ಟನ್ನೇ ಕೊಳ್ಳಲು 130 ಚಿನ್ನ ತೆರಬೇಕು. ವ್ಯತ್ಯಾಸವು ಶೇ. 30ರ ಶುಲ್ಕ.

ಈ ವ್ಯವಸ್ಥೆಯಲ್ಲಿ ಮೆಚ್ಚತಕ್ಕ ಅಂಶಗಳಿಲ್ಲವೆಂದಲ್ಲ. ಒಂದು ಸರಕನ್ನು ಕೊಂಡಷ್ಟೂ ಅದರ ಬೆಲೆ ಏರುತ್ತದೆ, ಮಾರಿದಷ್ಟೂ ಇಳಿಯುತ್ತದೆ. ಈ ಬೆಲೆ ಎಲ್ಲ ಆಟಗಾರರಿಗೂ ಒಂದೇ. ಹೀಗಾಗಿ ಶತ್ರುವಿನ ಅಗತ್ಯ ತನ್ನ ಬೆಲೆಯನ್ನೂ ಏರಿಸುತ್ತದೆ ಎಂಬ ಸೂಕ್ಷ್ಮ ಸತ್ಯವನ್ನು ಆಟ ಕಲಿಸುತ್ತದೆ. ವ್ಯಾಪಾರದ ಬಂಡಿ ಎಷ್ಟು ದೂರದ ಮಾರುಕಟ್ಟೆಗೆ ಹೋಗಿ ಬರುತ್ತದೋ ಅಷ್ಟು ಹೆಚ್ಚು ಚಿನ್ನ ತರುತ್ತದೆ. ದಾರಿ ಉದ್ದವಾದಷ್ಟೂ ಕೊಳ್ಳೆಯ ಭಯ ಹೆಚ್ಚು. ತನ್ನದೇ ಎರಡು ಮಾರುಕಟ್ಟೆಗಳ ನಡುವೆ ಬಂಡಿ ಹೊಡೆದು ಲಾಭ ಗಳಿಸುವಂತಿಲ್ಲ, ಇನ್ನೊಬ್ಬರ ಮಾರುಕಟ್ಟೆ ಬೇಕು. ವ್ಯಾಪಾರವೆಂಬುದು ಮೂಲತಃ ಅನ್ಯರೊಡನೆಯ ಸಂಬಂಧ ಎಂಬ ಅರಿವು ಈ ನಿಯಮದಲ್ಲಿದೆ.

ಆದರೆ ಎರಡು ಸಂಗತಿಗಳು ವಿಮರ್ಶೆಯನ್ನು ಬೇಡುತ್ತವೆ. ಮೊದಲನೆಯದು, ಆ ಶೇ. 30ರ ಶುಲ್ಕ ಯಾರಿಗೆ ಸಲ್ಲುತ್ತದೆ ಎಂಬುದು. ಅದು ಅರಸನ ಬೊಕ್ಕಸಕ್ಕೆ ಹೋಗುವುದಿಲ್ಲ, ವರ್ತಕನಿಗೆ ಸಿಗುವುದಿಲ್ಲ, ಎದುರಾಳಿಗೂ ಸೇರುವುದಿಲ್ಲ, ಸುಮ್ಮನೆ ಮಾಯವಾಗುತ್ತದೆ. ಕರ್ನಾಟಕದ ಶಾಸನಗಳನ್ನು ಓದಿದವರಿಗೆ ಇದು ವಿಚಿತ್ರವಾಗಿ ತೋರುತ್ತದೆ. ಶಾಸನಲೋಕದಲ್ಲಿ ಸುಂಕಕ್ಕೂ ದತ್ತಿಗೂ ಸಾಮಾನ್ಯವಾಗಿ ಒಂದು ವಿಳಾಸವಿರುತ್ತದೆ. ಒಂದು ಹೇರಿಗೆ ಇಷ್ಟು, ಒಂದು ಗಾಣಕ್ಕೆ ಇಷ್ಟು ಎಣ್ಣೆ, ಒಂದು ಅಂಗಡಿಗೆ ಇಷ್ಟು ಎಂದು ಗೊತ್ತುಮಾಡಿ, ಅದು ಯಾವ ದೇವರ ನಂದಾದೀಪಕ್ಕೆ, ಯಾವ ಬಸದಿಯ ಜೀರ್ಣೋದ್ಧಾರಕ್ಕೆ, ಯಾವ ಕೆರೆಯ ದುರಸ್ತಿಗೆ ಎಂದು ಹೆಸರಿಸಿ ಕಲ್ಲಿನಲ್ಲಿ ಕೆತ್ತಿಸಲಾಗುತ್ತಿತ್ತು. ಅನೇಕ ವೇಳೆ ಈ ತೆರಿಗೆಯನ್ನು ವರ್ತಕರು ತಾವೇ ಕೂಡಿ ತಮ್ಮ ಮೇಲೆ ಹೇರಿಕೊಳ್ಳುತ್ತಿದ್ದರು. ಹಣ ಎಲ್ಲಿಂದ ಬಂದು ಎಲ್ಲಿಗೆ ಹೋಯಿತು ಎಂಬ ಲೆಕ್ಕವೇ ಅಲ್ಲಿ ಸಾಮಾಜಿಕ ಗೌರವದ ಮೂಲ.

ಎರಡನೆಯದು ಹೆಚ್ಚು ಗಂಭೀರ. ಆಟದಲ್ಲಿ 'ಗಿಲ್ಡ್ಸ್' ಎಂಬ ಒಂದು ಸುಧಾರಣೆಯಿದೆ. ಗಿಲ್ಡ್ ಎಂದರೆ ವರ್ತಕರ ಅಥವಾ ಕುಶಲಕರ್ಮಿಗಳ ಶ್ರೇಣಿ. ಕೊನೆಯ ಯುಗದಲ್ಲಿ ಒಮ್ಮೆ ಬೆಲೆ ತೆತ್ತು ಇದನ್ನು ಕೊಂಡರೆ ಮಾರುಕಟ್ಟೆಯ ಶುಲ್ಕ ಶೇ. 30ರಿಂದ ಶೇ. 15ಕ್ಕೆ ಇಳಿಯುತ್ತದೆ. ಅಲ್ಲಿಗೆ ಶ್ರೇಣಿಯ ಪಾತ್ರ ಮುಗಿಯಿತು. ಚರಿತ್ರೆಯಲ್ಲಿ ಜನರ ಸಂಘಟನೆಯಾಗಿದ್ದುದು ಆಟದಲ್ಲಿ ಅರಸನು ಕೊಳ್ಳುವ ಒಂದು ಸವಲತ್ತಾಗಿದೆ.

'ದ್ರವಿಡಿಯನ್ಸ್' ಜನಾಂಗದ ಸಂದರ್ಭದಲ್ಲಿ ಈ ಕೊರತೆ ಇನ್ನೂ ಎದ್ದುಕಾಣುತ್ತದೆ. ಆಟ ಅವರನ್ನು ಪದಾತಿ ಮತ್ತು ನೌಕಾಬಲದ ಜನಾಂಗವೆಂದು ರೂಪಿಸಿದೆ. ಆದರೆ ಅದು ಆರಿಸಿಕೊಂಡ 11ನೆಯ ಶತಮಾನವೇ ಅಯ್ಯಾವೊಳೆ ಐನೂರ್ವರ ಉತ್ಕರ್ಷದ ಕಾಲ. ಇಂದಿನ ಬಾಗಲಕೋಟೆ ಜಿಲ್ಲೆಯ ಐಹೊಳೆಯ ಹೆಸರನ್ನು ಹೊತ್ತ ಈ ವರ್ತಕ ಸಂಘ ಕನ್ನಡ, ತಮಿಳು, ತೆಲುಗು ನಾಡುಗಳಲ್ಲಿ ಹರಡಿತ್ತು. ಸುಮಾತ್ರಾ ದ್ವೀಪದ ಲೋಬು ತುವಾದಲ್ಲಿ ದೊರೆತ 1088ರ ತಮಿಳು ಶಾಸನ ಐನೂರ್ವರದೇ. ಶಿಕಾರಿಪುರ ತಾಲ್ಲೂಕಿನ 11ನೆಯ ಶತಮಾನದ ಶಾಸನವೊಂದರಲ್ಲಿ ಬರುವ ಇವರ ಪ್ರಶಸ್ತಿಯು ಆನೆ, ಕುದುರೆ, ರತ್ನ, ಮುತ್ತು, ಏಲಕ್ಕಿ, ಲವಂಗ, ಚಂದನ, ಕರ್ಪೂರಗಳ ವ್ಯಾಪಾರವನ್ನೂ ನಾನಾ ದೇಶಗಳ ಸಂಚಾರವನ್ನೂ ವರ್ಣಿಸುತ್ತದೆ. ಅರಸರ ಪ್ರಶಸ್ತಿಯ ಶೈಲಿಯಲ್ಲಿಯೇ ವರ್ತಕರು ತಮ್ಮ ಪ್ರಶಸ್ತಿಯನ್ನು ಬರೆಸಿದರು ಎಂಬುದು ಗಮನಾರ್ಹ. ವೀರಬಣಂಜುಧರ್ಮವೆಂಬುದು ಅವರ ನಡಾವಳಿಯ ಹೆಸರು. ಮುಮ್ಮುರಿದಂಡ, ನಾನಾದೇಶಿ, ನಖರ ಮೊದಲಾದ ಸಮೂಹಗಳು ಅವರೊಡನೆ ಉಲ್ಲೇಖಗೊಳ್ಳುತ್ತವೆ. ಪಟ್ಟಣದ ಆಡಳಿತದಲ್ಲಿ ಪಟ್ಟಣಸ್ವಾಮಿ ಎಂಬ ಪದವಿಯೇ ಇತ್ತು. ಹುಂಚದ ಪಟ್ಟಣಸ್ವಾಮಿ ನೊಕ್ಕಯ್ಯ ಸೆಟ್ಟಿ 1062ರಲ್ಲಿ ಬಸದಿಯನ್ನು ಕಟ್ಟಿಸಿದನು. ಚೋಳ ಅರಸನ ನೌಕೆಗಳನ್ನು ತೋರಿಸಿ, ಅದೇ ಕಡಲನ್ನು ಬಲ್ಲ ಐನೂರ್ವರನ್ನು ತೋರಿಸದ ಆಟವು ದಕ್ಷಿಣ ಭಾರತದ ಚರಿತ್ರೆಯ ಅರ್ಧವನ್ನಷ್ಟೇ ಆಡಿಸುತ್ತದೆ.

4. ಅಂಗಡಿಯಿಲ್ಲದ ವರ್ತಕ

ಸ್ವೀಡನ್ನಿನ ಪ್ಯಾರಾಡಾಕ್ಸ್ ಸಂಸ್ಥೆಯ 'ಯುರೋಪಾ ಯೂನಿವರ್ಸಾಲಿಸ್ 4' 2013ರಲ್ಲಿ ಹೊರಬಂದಿತು. ಇದು ಭೂಪಟದ ಮೇಲೆ ಆಡುವ ಆಟ. ಕನ್ನಡ ಓದುಗರಿಗೆ ಇದರ ಮಹತ್ತ್ವವೆಂದರೆ ಇಲ್ಲಿ ವಿಜಯನಗರವನ್ನೇ ಆರಿಸಿಕೊಂಡು ಆಡಬಹುದು. ಆಟದ ಕಾಲ 1444ರ ನವೆಂಬರ್ 11ರಂದು ಆರಂಭವಾಗುತ್ತದೆ. ಅಂದರೆ ಇಮ್ಮಡಿ ದೇವರಾಯನ ಆಳ್ವಿಕೆಯ ಕೊನೆಯ ವರ್ಷಗಳು. ಇದಕ್ಕೆ ಕೇವಲ ಒಂದು ವರ್ಷ ಮೊದಲು, 1443ರಲ್ಲಿ, ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ವಿಜಯನಗರದಲ್ಲಿದ್ದನು. ಆದ್ದರಿಂದ ಆಟದ ವಿಜಯನಗರವನ್ನು ಕಣ್ಣಾರೆ ಕಂಡವನ ವಿಜಯನಗರದ ಪಕ್ಕದಲ್ಲಿ ಇಟ್ಟು ನೋಡುವ ಅಪೂರ್ವ ಅವಕಾಶ ಇಲ್ಲಿದೆ.

ರಜಾಕ್ ಕಂಡದ್ದು ಅರಮನೆಯ ಬಳಿಯ ಬಜಾರುಗಳನ್ನು. ಒಂದೊಂದು ಕಸುಬಿನವರ ಅಂಗಡಿಗಳು ಒಂದರ ಪಕ್ಕ ಒಂದು ಇದ್ದವೆಂದೂ, ರತ್ನಪಡಿ ವ್ಯಾಪಾರಿಗಳು ಮುತ್ತು, ಮಾಣಿಕ್ಯ, ಪಚ್ಚೆ, ವಜ್ರಗಳನ್ನು ಬಹಿರಂಗವಾಗಿ ಮಾರುತ್ತಿದ್ದರೆಂದೂ, ಗುಲಾಬಿ ಹೂವು ಆ ಊರಿನವರಿಗೆ ಊಟದಷ್ಟೇ ಅಗತ್ಯವಾಗಿತ್ತೆಂದೂ ಅವನು ದಾಖಲಿಸಿದ್ದಾನೆ. ಸುಮಾರು 1520ರಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ವರ್ತಕರ ಮನೆಗಳಿದ್ದ ವಿಶಾಲ ಬೀದಿಯನ್ನೂ, ಅಲ್ಲಿ ರತ್ನಗಳ ಜೊತೆಗೆ ಸಂಜೆಯ ಸಂತೆಯಲ್ಲಿ ತಟ್ಟು ಕುದುರೆ, ನಿಂಬೆಹಣ್ಣು, ಸೌದೆಗಳೂ ಮಾರಾಟವಾಗುತ್ತಿದ್ದುದನ್ನೂ ಹೇಳುತ್ತಾನೆ. ಇಬ್ಬರ ಕಣ್ಣಿಗೂ ಸಾಮ್ರಾಜ್ಯದ ವೈಭವ ಮೊದಲು ಕಂಡ ಸ್ಥಳಗಳಲ್ಲಿ ಬೀದಿಬದಿಯ ಅಂಗಡಿ ಮುಖ್ಯವಾದುದು.

ಆಟದಲ್ಲಿ ಈ ಬೀದಿ ಇಲ್ಲ. ಅದರ ಬದಲಿಗೆ ಲೋಕವೆಲ್ಲ ವ್ಯಾಪಾರದ ಗ್ರಂಥಿಗಳಾಗಿ ಹಂಚಿಹೋಗಿದೆ. ಗ್ರಂಥಿಯಿಂದ ಗ್ರಂಥಿಗೆ ಸಂಪತ್ತು ಹರಿಯುತ್ತದೆ. ಆಟಗಾರನ ಕೈಯಲ್ಲಿ ಆರಂಭದಲ್ಲಿ ಇಬ್ಬರು ವರ್ತಕರಿರುತ್ತಾರೆ. ಅವರನ್ನು ಒಂದು ಗ್ರಂಥಿಗೆ ಕಳುಹಿಸಿ, ಅಲ್ಲಿನ ಆದಾಯವನ್ನು ಸಂಗ್ರಹಿಸಲೋ ಹರಿವನ್ನು ತನ್ನ ಕಡೆಗೆ ತಿರುಗಿಸಲೋ ನೇಮಿಸಬಹುದು. ವರ್ತಕನು ಇಲ್ಲಿ ರಾಯಭಾರಿಯಂತೆ ಅರಸನ ಆಳು. ಅವನಿಗೆ ತನ್ನ ಬಂಡವಾಳವಿಲ್ಲ, ತನ್ನ ಸಂಘವಿಲ್ಲ, ಅರಸನ ಮಾತನ್ನು ಒಪ್ಪದಿರುವ ಸ್ವಾತಂತ್ರ್ಯವಿಲ್ಲ. ವಿಜಯನಗರದ ಸಂಪತ್ತನ್ನು ಎಣಿಸುವ ನಾಣ್ಯವೂ ವರಾಹವಲ್ಲ, ವೆನಿಸ್ಸಿನ ಡುಕಾಟ್. ಎಲ್ಲ ರಾಜ್ಯಗಳಿಗೂ ಒಂದೇ ನಾಣ್ಯವಿರುವುದು ಲೆಕ್ಕದ ಅನುಕೂಲಕ್ಕೆ ಎನ್ನಬಹುದು. ಆದರೆ ಆ ಒಂದೇ ನಾಣ್ಯ ಯಾರದ್ದೆಂಬುದು ಆಕಸ್ಮಿಕವಲ್ಲ.

ಇದಕ್ಕಿಂತ ಮುಖ್ಯವಾದುದು ಹರಿವಿನ ದಿಕ್ಕು. ಈ ಆಟದಲ್ಲಿ ವ್ಯಾಪಾರದ ಹರಿವು ಆಟಗಾರನ ಪ್ರಯತ್ನಕ್ಕೆ ಒಳಪಡದಂತೆ ಮೊದಲೇ ನಿಗದಿಯಾಗಿದೆ. ಸಂಪತ್ತು ಅಂತಿಮವಾಗಿ ಸೇರುವ ಗ್ರಂಥಿಗಳು ವೆನಿಸ್, ಜಿನೋವಾ ಮತ್ತು ಇಂಗ್ಲಿಷ್ ಕಡಲ್ಗಾಲುವೆ. ವಿಜಯನಗರವನ್ನು ಆಡುವವನು ಇಡೀ ಭಾರತವನ್ನು ಗೆದ್ದರೂ ಈ ಹರಿವನ್ನು ಹಿಂದಕ್ಕೆ ತಿರುಗಿಸಲಾರ. ದಾರಿಯ ನಡುವೆ ಹಿಡಿದು ನಿಲ್ಲಿಸಿಕೊಳ್ಳಬಹುದು, ಅಷ್ಟೆ. ಚರಿತ್ರೆಯಲ್ಲಿ ಭಾರತದ ಬಟ್ಟೆ ಮತ್ತು ಮೆಣಸಿಗಾಗಿ ಯುರೋಪಿನ ಬೆಳ್ಳಿ-ಬಂಗಾರ ಪೂರ್ವಕ್ಕೆ ಹರಿದುಬಂದಿತು. ವಿಜಯನಗರದ ಅರಸರು ಅರೇಬಿಯಾದ ಕುದುರೆಗಳಿಗಾಗಿ ಪಶ್ಚಿಮ ಕರಾವಳಿಯ ಬಂದರುಗಳನ್ನು ನೆಚ್ಚಿದ್ದರು. ಆ ಕುದುರೆ ವ್ಯಾಪಾರಿಗಳ ಮರ್ಜಿ ಕಾಯದೆ ಸೈನ್ಯ ಕಟ್ಟುವುದು ಸಾಧ್ಯವಿರಲಿಲ್ಲ. ಹೀಗೆ ಅರಸ ವರ್ತಕನಿಗೆ ಬಾಗಬೇಕಾದ ಪ್ರಸಂಗಗಳೇ ಆ ಕಾಲದ ರಾಜಕಾರಣದ ಒಂದು ಮುಖ. 19ನೆಯ ಶತಮಾನದ ಫಲಿತಾಂಶವನ್ನು 15ನೆಯ ಶತಮಾನದ ನಿಯಮವನ್ನಾಗಿ ಮಾಡಿದ ಆಟದಲ್ಲಿ ಆ ಮುಖ ಮರೆಯಾಗಿದೆ.

5. ಋಣವಿಲ್ಲದ ಅಂಗಡಿ

ಮೇಲಿನ ಎರಡು ಆಟಗಳಲ್ಲಿ ಆಟಗಾರ ಅರಸನ ಎತ್ತರದಲ್ಲಿ ನಿಂತು ನೋಡುತ್ತಾನೆ. ಆದ್ದರಿಂದ ಅಂಗಡಿಯವನ ಮುಖ ಕಾಣದಿರುವುದು ಸಹಜವೆಂದು ವಾದಿಸಬಹುದು. ಈ ವಾದವನ್ನು ಪರೀಕ್ಷಿಸಲು ಬೀದಿಯಲ್ಲಿ ನಡೆಯುವ ಮನುಷ್ಯನ ಮಟ್ಟದಲ್ಲಿ ಆಡುವ ಆಟವೊಂದನ್ನು ನೋಡಬೇಕು. 2018ರಲ್ಲಿ ರಾಕ್‌ಸ್ಟಾರ್ ಸಂಸ್ಥೆ ಹೊರತಂದ 'ರೆಡ್ ಡೆಡ್ ರಿಡೆಂಪ್ಷನ್ 2' 1899ರ ಅಮೆರಿಕವನ್ನು ಕಲ್ಪಿತ ಊರುಗಳ ಮೂಲಕ ಚಿತ್ರಿಸುತ್ತದೆ. ಅನೇಕ ದೇಶಗಳಲ್ಲಿರುವ ಆ ಸಂಸ್ಥೆಯ ಸ್ಟುಡಿಯೋಗಳು ಕೂಡಿ ನಿರ್ಮಿಸಿದ ಈ ಆಟದಲ್ಲಿ ಬೆಂಗಳೂರಿನ ಸ್ಟುಡಿಯೋದ ದುಡಿಮೆಯೂ ಸೇರಿದೆ. 1997ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ, ಭಾರತದ ಮೊದಲ ಆಟ-ನಿರ್ಮಾಣ ಸಂಸ್ಥೆಗಳಲ್ಲಿ ಒಂದಾದ ಧ್ರುವ ಇಂಟರ್ಯಾಕ್ಟಿವ್ ಕೂಡ 2019ರಲ್ಲಿ ರಾಕ್‌ಸ್ಟಾರ್ ತೆಕ್ಕೆಗೆ ಸೇರಿತು. ಲೋಕದ ಅಂಗಡಿಗಳನ್ನು ಪರದೆಯ ಮೇಲೆ ಕಟ್ಟುವ ಕಸುಬು ಈ ನಗರದ ಕಸುಬುಗಳಲ್ಲಿ ಒಂದಾಗಿರುವುದರಿಂದ ಈ ಆಟದ ಅಂಗಡಿ ಬೆಂಗಳೂರಿಗೆ ತೀರ ಹೊರಗಿನದಲ್ಲ.

ಇಲ್ಲಿನ ಕಿರಾಣಿ ಅಂಗಡಿಯ ವಿವರಗಳು ಬೆರಗು ಹುಟ್ಟಿಸುವಂಥವು. ಗೂಡುಗಳಲ್ಲಿ ಜೋಡಿಸಿದ ಡಬ್ಬಿ, ಸೀಸೆ, ಬಟ್ಟೆಗಳನ್ನು ಒಂದೊಂದಾಗಿ ಕೈಗೆತ್ತಿಕೊಂಡು ನೋಡಬಹುದು. ಗಲ್ಲೆಯ ಮೇಲಿರುವ ಸಚಿತ್ರ ಬೆಲೆಪಟ್ಟಿಯ ಪುಸ್ತಕವನ್ನು ಪುಟ ತಿರುವಿ ಓದಿ ಸರಕು ಆರಿಸಬಹುದು. ಅಂಗಡಿಯವನು ಮಾತನಾಡುತ್ತಾನೆ. ಕದ್ದ ಮಾಲನ್ನು ಅವನು ಕೊಳ್ಳುವುದಿಲ್ಲ, ಅದಕ್ಕೆ ಬೇರೆ ಗುಪ್ತ ವ್ಯಾಪಾರಿಗಳಿದ್ದಾರೆ. ಆಟಗಾರನ ಒಳ್ಳೆಯ ನಡತೆಯನ್ನು ಅಳೆಯುವ ಒಂದು ಮಾನವಿದ್ದು, ಅದು ಅತ್ಯುನ್ನತ ಮಟ್ಟಕ್ಕೇರಿದರೆ ಅಂಗಡಿಗಳಲ್ಲಿ ಬೆಲೆ ಅರ್ಧದವರೆಗೆ ಇಳಿಯುತ್ತದೆ. ಮನುಷ್ಯನ ನಡತೆಗೂ ಸರಕಿನ ಬೆಲೆಗೂ ಸಂಬಂಧ ಕಲ್ಪಿಸಿದ ಈ ನಿಯಮ ಜನಪದದ 'ಮುಖ ನೋಡಿ ಮಣೆ ಹಾಕು' ಎಂಬ ವಿವೇಕಕ್ಕೆ ಹತ್ತಿರವಾಗಿದೆ.

ಆದರೂ ಈ ಅಂಗಡಿಯಲ್ಲಿ ಒಂದು ಮೂಲಭೂತ ವಸ್ತು ಇಲ್ಲ: ಸಾಲ. 1890ರ ದಶಕದ ಅಮೆರಿ­ಕದ ಹಳ್ಳಿಗಾಡಿನ ಅಂಗಡಿ ನಡೆಯುತ್ತಿದ್ದುದು ಬಹುಮಟ್ಟಿಗೆ ಉದ್ರಿಯ ಮೇಲೆ. ದಕ್ಷಿಣದ ರಾಜ್ಯಗಳಲ್ಲಿ ರೈತ ಮುಂದಿನ ಹತ್ತಿಯ ಬೆಳೆಯನ್ನು ಅಡವಿಟ್ಟು ಬೀಜ, ಬಟ್ಟೆ, ದಿನಸಿ ತರುತ್ತಿದ್ದನು. ಆ ಋಣದಿಂದ ಬಿಡಿಸಿಕೊಳ್ಳಲಾಗದೆ ಅನೇಕರು ನೆಲ ಕಳೆದುಕೊಂಡರು. ಆಟದ ಅಂಗಡಿ ಮಾತ್ರ ಶುದ್ಧ ನಗದಿನದು. ಒಂದೊಂದು ಸೀಸೆಯ ಚೀಟಿಯನ್ನೂ ಶ್ರದ್ಧೆಯಿಂದ ಬಿಡಿಸಿದವರು ಸಾಲದ ಪುಸ್ತಕವನ್ನು ಬಿಟ್ಟಿದ್ದಾರೆ. ಸಾಲದ ಪುಸ್ತಕ ತಪ್ಪಿದೊಡನೆ ಅಂಗಡಿಗೂ ಊರಿಗೂ ಇದ್ದ ನಂಟು, ಅದರ ಹಿತವೂ ಹಿಂಸೆಯೂ, ಎರಡೂ ತಪ್ಪಿಹೋಗುತ್ತವೆ. ನಡತೆಯ ಮಾನದಿಂದ ಸಿಗುವ ರಿಯಾಯಿತಿಗೂ ಉದ್ರಿಗೂ ಇರುವ ಅಂತರ ಇದೇ. ಆಟಗಾರ ಎಲ್ಲಿಯೋ ದಾರಿಹೋಕರಿಗೆ ಮಾಡಿದ ಉಪಕಾರ ಅವನು ಎಂದೂ ಕಾಲಿಡದ ಅಂಗಡಿಯಲ್ಲಿ ಬೆಲೆ ಇಳಿಸುತ್ತದೆ. ಉದ್ರಿ ಹಾಗಲ್ಲ. ಅದು ಈ ಅಂಗಡಿಯವನಿಗೂ ಈ ಮನೆಗೂ ನಡುವೆ, ವರ್ಷಗಳ ಪರಿಚಯದ ಮೇಲೆ ಮಾತ್ರ ನಿಲ್ಲುತ್ತದೆ.

ಕರ್ನಾಟಕದ ಜನಪದ ವ್ಯವಹಾರದಲ್ಲಿ ಈ ನಂಟನ್ನು ಉಳಿಸುವ ನಡಾವಳಿಗಳು ಅನೇಕ. ಬೆಳಗಿನ ಮೊದಲ ವ್ಯಾಪಾರವಾದ ಬೋಣಿಯನ್ನು ಒಲ್ಲೆನೆಂದು ಮುರಿಯಬಾರದೆಂಬ ನಂಬಿಕೆಯಿದೆ. ಧಾನ್ಯ ಅಳೆಯುವಾಗ ಮೊದಲ ಅಳತೆಯನ್ನು 'ಒಂದು' ಎನ್ನದೆ 'ಲಾಭ' ಎಂದು ಎಣಿಸುವ ರೂಢಿಯಿದೆ. ಚೌಕಾಸಿಯು ಬೆಲೆ ಇಳಿಸುವ ಉಪಾಯ ಮಾತ್ರವಲ್ಲ. ಇಬ್ಬರೂ ಒಬ್ಬರ ಗತ್ತನ್ನು ಒಬ್ಬರು ಅಳೆಯುವ ಮಾತಿನ ಆಟವೂ ಹೌದು. ದನಗಳ ಜಾತ್ರೆಯಲ್ಲಿ ವಸ್ತ್ರದ ಮರೆಯಲ್ಲಿ ಬೆರಳು ಹಿಡಿದು ದರ ಸೂಚಿಸುವಾಗ ಈ ಆಟ ಮಾತೇ ಇಲ್ಲದೆ ನಡೆಯುತ್ತದೆ. ಅಳತೆ ಮುಗಿದ ಮೇಲೆ ಹಾಕುವ ಒಂದು ಹಿಡಿ ಕೊಸರಿಗೆ ಲೆಕ್ಕದಲ್ಲಿ ಜಾಗವಿಲ್ಲ, ಆದರೆ ಅದಿಲ್ಲದೆ ವ್ಯಾಪಾರ ಮುಗಿಯುವುದಿಲ್ಲ. ಕಡಲೆಕಾಯಿ ಪರಿಷೆಯಲ್ಲಿ ಸೇರಿನ ಮೇಲೆ ಬೀಳುವ ಹಿಡಿ ಕಾಯಿ, ಸಾರಕ್ಕಿ ಮತ್ತು ಮಡಿವಾಳದ ಮಾರುಕಟ್ಟೆಗಳಲ್ಲಿ ಸೊಪ್ಪಿನ ಜೊತೆ ಬರುವ ಕರಿಬೇವಿನ ಎಸಳು ಈ ಕೊಸರಿನ ರೂಪಗಳೇ. ಸಾಲ ಕೇಳಬೇಡಿರೆಂಬ ಫಲಕ ಅಂಗಡಿಯಲ್ಲಿ ತೂಗುತ್ತಿರುತ್ತದೆ. ಸಾಲ ಕೇಳುವವರೂ ಕೊಡುವವರೂ ಇದ್ದುದರಿಂದಲೇ ಆ ಫಲಕ ಬೇಕಾಯಿತು.

ಬೋಣಿ, ಚೌಕಾಸಿ, ಕೊಸರು, ಉದ್ರಿ: ಈ ನಾಲ್ಕೂ ಬೆಲೆಯ ಅಂಚಿನಲ್ಲಿರುವ ಸಂಗತಿಗಳು. ಮೂರೂ ಆಟಗಳು ಬೆಲೆಯನ್ನು ಬಲ್ಲವು. ಈ ಅಂಚನ್ನು ಅರಿಯವು. 'ವ್ಯವಹಾರ' ಎಂಬ ಕನ್ನಡ ಬಳಕೆಯಲ್ಲಿ ವ್ಯಾಪಾರ, ನಡವಳಿಕೆ, ತಕರಾರು ಮೂರೂ ಅಡಗಿವೆ. ಆಟಗಳಲ್ಲಿ ಉಳಿದಿರುವುದು ಮೊದಲನೆಯದು ಮಾತ್ರ.

6. ಆಕ್ಷೇಪಗಳು ಮತ್ತು ಜನಪದದ ಮಿತಿ

ಆಟವು ಚರಿತ್ರೆಯ ಗ್ರಂಥವಲ್ಲ, ಸರಳೀಕರಣ ಅದಕ್ಕೆ ಅನಿವಾರ್ಯ ಎಂಬ ಆಕ್ಷೇಪ ಸಹಜವಾದುದು. ಚೌಕಾಸಿಗೆ ಮಾತು ಬೇಕು, ಉದ್ರಿಗೆ ನೆನಪು ಬೇಕು; ಇವೆರಡನ್ನೂ ನಿಯಮವಾಗಿಸುವುದು ಕಷ್ಟ ಎಂಬುದೂ ನಿಜ. ಆದರೆ ಯಾವುದನ್ನು ಸರಳಗೊಳಿಸಲಾಗಿದೆ, ಯಾವುದನ್ನು ವಿಸ್ತರಿಸಲಾಗಿದೆ ಎಂಬ ಆಯ್ಕೆಯಲ್ಲಿಯೇ ಲೋಕದೃಷ್ಟಿ ಇರುತ್ತದೆ. ಕತ್ತಿ, ಬಿಲ್ಲು, ಆನೆ, ಕುದುರೆಗಳ ಹತ್ತಾರು ಭೇದಗಳನ್ನು ಗುರುತಿಸಬಲ್ಲ ಆಟಕ್ಕೆ ವರ್ತಕರ ಒಂದು ಭೇದವೂ ತೋಚದಿರುವುದು ತಾಂತ್ರಿಕ ಮಿತಿಯಲ್ಲ. ಅರಸನನ್ನೇ ಚರಿತ್ರೆಯ ಕರ್ತೃವೆಂದು ಬಗೆಯುವ ಹಳೆಯ ಇತಿಹಾಸ ಲೇಖನದ ಯಜಮಾನಿಕೆ ಹೊಸ ಮಾಧ್ಯಮದಲ್ಲಿ ಮುಂದುವರಿದಿರುವುದಕ್ಕೆ ಅದು ಸಾಕ್ಷಿ.

ಇದರರ್ಥ ಜನಪದದ ವರ್ತಕ ಚಿತ್ರ ನಿರ್ದೋಷವೆಂದಲ್ಲ. ಗೊಂಬೆ ಮೆಟ್ಟಿಲಿನ ಡೊಳ್ಳುಹೊಟ್ಟೆಯ ಶೆಟ್ಟಿ ಒಂದು ಸಮುದಾಯದ ಬಗೆಗಿನ ಸಿದ್ಧಮಾದರಿಯೂ ಹೌದು. 'ಶೆಟ್ಟಿ ಸಿಂಗಾರವಾಗುವುದರೊಳಗೆ ಪಟ್ಟಣ ಸೂರೆ ಹೋಯಿತು' ಎಂಬ ಗಾದೆ ವರ್ತಕನ ನಿಧಾನವನ್ನು ಅಣಕಿಸುತ್ತದೆ. ಬಡ್ಡಿ, ಕಳ್ಳತೂಕ, ಜಾತಿಯ ಅಂತರಗಳನ್ನು ಬೋಣಿ-ಕೊಸರುಗಳ ಸೊಗಸಿನಲ್ಲಿ ಮರೆಯಬಾರದು. ಆದರೂ ಆಟಗಳಿಗೂ ಗೊಂಬೆಗಳಿಗೂ ಒಂದು ವ್ಯತ್ಯಾಸವಿದೆ. ಗೊಂಬೆಯ ಅಂಗಡಿಯಲ್ಲಿ ಶೆಟ್ಟಿಯ ಪಕ್ಕದಲ್ಲಿ ಶೆಟ್ಟಿತಿ ಕುಳಿತಿದ್ದಾಳೆ. ಸಂತೆಯ ಸೊಪ್ಪು, ಹೂವು, ಹಣ್ಣು, ಮಡಕೆಗಳ ಮಾರಾಟದಲ್ಲಿ ಹೆಣ್ಣಿನ ಪಾಲು ದೊಡ್ಡದೆಂಬುದನ್ನು ಆ ಜೋಡಿ ಒಪ್ಪಿಕೊಳ್ಳುತ್ತದೆ. ರಾಜ-ರಾಣಿಯರು ಮೇಲಿನ ಮೆಟ್ಟಿಲಲ್ಲಿದ್ದರೂ ಶೆಟ್ಟರ ಅಂಗಡಿ ಅವರ ಬೊಕ್ಕಸದ ಭಾಗವಲ್ಲ. ಅದಕ್ಕೆ ತನ್ನದೇ ಮೆಟ್ಟಿಲು, ತನ್ನದೇ ತಕ್ಕಡಿ ಇದೆ. ಜನಪದವು ವರ್ತಕನನ್ನು ಹೊಗಳಿದರೂ ಜರಿದರೂ ಅವನನ್ನು ಒಬ್ಬ ಕಕ್ಷಿಯೆಂದು ಗಣಿಸುತ್ತದೆ.

7. ಉಪಸಂಹಾರ

ಈ ಚರ್ಚೆ ಆಟಗಳಿಗಷ್ಟೇ ಸೀಮಿತವಲ್ಲ. ಹಂಪಿಯ ವಿರೂಪಾಕ್ಷ ದೇವಾಲಯದ ಮುಂದಿನ ಬಜಾರಿನ ಮಂಟಪಗಳಲ್ಲಿ ಕಾಲಾಂತರದಲ್ಲಿ ಬಂದು ನೆಲೆಸಿದ್ದ ಅಂಗಡಿ ಮತ್ತು ಮನೆಗಳನ್ನು 2011ರಲ್ಲಿ ತೆರವುಗೊಳಿಸಲಾಯಿತು. ಸ್ಮಾರಕದ ರಕ್ಷಣೆ ಅದರ ಉದ್ದೇಶ. ಆ ಉದ್ದೇಶದ ಸಾಧುತ್ವ ಬೇರೆಯೇ ಚರ್ಚೆಯ ವಿಷಯ. ಆದರೆ ರಜಾಕ್ ಮತ್ತು ಪಾಯಸ್ ಬೆರಗಾದ ನಗರದ ಬಜಾರನ್ನು ವ್ಯಾಪಾರಿಗಳಿಲ್ಲದ ಕಂಬಸಾಲಾಗಿ ನೋಡುವುದು ನಮ್ಮ ಕಾಲದ ಚರಿತ್ರೆಯ ರೂಢಿಯಾಗಿದೆ. ಕಲ್ಲನ್ನು ಉಳಿಸಿ ಕೊಡುಕೊಳ್ಳುವಿಕೆಯನ್ನು ಬಿಡುವ ಈ ರೂಢಿಯೇ ಪರದೆಯ ಮೇಲೂ ಮರುಕಳಿಸುತ್ತಿದೆ. ಜಯನಗರದ ಒಂದು ಮಗು ವಿಜಯನಗರವನ್ನು ಪಠ್ಯಪುಸ್ತಕಕ್ಕಿಂತ ಹೆಚ್ಚು ಹೊತ್ತು ಆಟದಲ್ಲಿ ಕಾಣುವ ಕಾಲದಲ್ಲಿ ಇದನ್ನು ಲಘುವಾಗಿ ಪರಿಗಣಿಸುವಂತಿಲ್ಲ.

ಬೆಂಗಳೂರಿನಲ್ಲಿ ಆಟ ಕಟ್ಟುವವರೂ ಇದ್ದಾರೆ, ಶಾಸನ ಓದುವವರೂ ಇದ್ದಾರೆ. ಇವರು ಪರಸ್ಪರ ಸಂಧಿಸಿದರೆ ನಿಯಮಗಳು ಬೇರೆಯಾಗಬಲ್ಲವು. ಮಾರುಕಟ್ಟೆಯ ಶುಲ್ಕ ಮಾಯವಾಗುವ ಬದಲು ಕೆರೆಗೋ ಗುಡಿಗೋ ಸಂದು ಊರಿನ ಬಲವನ್ನು ಹೆಚ್ಚಿಸಬಹುದು. ಶ್ರೇಣಿಯನ್ನು ಕೊಳ್ಳುವುದಕ್ಕೆ ಬದಲಾಗಿ ಅದರೊಡನೆ ಒಪ್ಪಂದ ಮಾಡಿಕೊಳ್ಳಬೇಕಾಗಬಹುದು. ಸುಂಕ ಮಿತಿಮೀರಿದರೆ ವರ್ತಕರು ಊರು ಬಿಟ್ಟು ಹೋಗಬಹುದು, ಅವರು ಬಿಡಾರ ಬಿಟ್ಟ ಬಯಲಿನಲ್ಲಿ ಹೊಸ ಪಟ್ಟಣ ಏಳಬಹುದು. ಇವೆಲ್ಲವೂ ಲೆಕ್ಕಕ್ಕೆ ಒಗ್ಗುವ, ಆಡಲು ಬರುವ ನಿಯಮಗಳೇ. ಐನೂರ್ವರ ಶಾಸನಗಳು ಅದಕ್ಕೆ ವಿವರಗಳನ್ನು ಕೊಡುತ್ತವೆ, ಗಾದೆ ಅದರ ತತ್ತ್ವವನ್ನು ಕೊಡುತ್ತದೆ. ಜಾನಪದ ಅಧ್ಯಯನವು ಹಳೆಯ ಆಟಗಳ ಸಂಗ್ರಹದಲ್ಲಿ ತೋರಿದ ಆಸ್ಥೆಯನ್ನು ಹೊಸ ಆಟಗಳ ನಿಯಮಗಳ ವಿಮರ್ಶೆಗೂ ವಿಸ್ತರಿಸುವುದು ಈ ದಿಸೆಯಲ್ಲಿ ಆಗಬೇಕಾದ ಮೊದಲ ಕೆಲಸ.